ರನ್ ಎಂಬ ಪದಕ್ಕೆ ನೂರಹದಿನೆಂಟು ಕಾರ್ಡು

ಇಂಗ್ಲಿಷಿನ ‘ರನ್’ ಎಂಬ ಪದದ ಅರ್ಥ ಗೊತ್ತಿಲ್ಲದವರು ಯಾರೂ ಇಲ್ಲ, ಪೂರ್ತಿ ಗೊತ್ತಿರುವವರೂ ಯಾರೂ ಇಲ್ಲ. ಅಂಥ ಪದವನ್ನು ಕೈಯಾರೆ ಮೈಮೇಲೆ ಎಳೆದುಕೊಂಡವರ ಪಾಡು ಏನಾಗಬೇಕೋ ಅಲ್ಪವಿರಾಮಯ್ಯನವರಿಗೂ ಅದೇ ಆಯಿತು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಇದ್ದರೂ ಅದನ್ನು ಹೊರಿಸುವ ಧೈರ್ಯ ಅವರಿಗಿರಲಿಲ್ಲ.

ಅಲ್ಪವಿರಾಮಯ್ಯ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೈದು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದ ಮನುಷ್ಯ ಅವರು. ಒಂದು ದಿನ ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋಗಿದೆಯೆಂದು ಗಡಗಡ ಅಚ್ಚು ಹೊಡೆಯುತ್ತಿದ್ದ ಯಂತ್ರವನ್ನು ಮುಕ್ಕಾಲು ಗಂಟೆ ನಿಲ್ಲಿಸಿದರು. ಅವತ್ತು ಅಂಟಿದ ಹೆಸರು ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಬಾಯಿಬಿಟ್ಟರೂ ಅದೇ ಚಾಳಿ. “ನಾನು, ಏನು ಹೇಳ್ತೀನಿ ಅಂದ್ರೆ,” ಎಂದು ಅವರು ನಿಲ್ಲುವಷ್ಟರಲ್ಲಿ ಎದುರಿಗಿದ್ದವರು ತಮಗೆ ಬೇಕಾದ್ದನ್ನು ಅರ್ಥ ಮಾಡಿಕೊಂಡು ಮನೆ ಸೇರಿರುತ್ತಿದ್ದರು.

ಎರಡು ಬೀದಿ ಆಚೆ ಒಂದು ನಿಘಂಟು ಕಚೇರಿ ಇತ್ತು. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆದು, ಒಂದೊಂದು ಅರ್ಥಕ್ಕೂ ಒಂದೊಂದು ಉದಾಹರಣೆ ವಾಕ್ಯ ಕೊಡುವ ದೊಡ್ಡ ನಿಘಂಟು ಅಲ್ಲಿ ಇಪ್ಪತ್ತು ವರ್ಷದಿಂದ ತಯಾರಾಗುತ್ತಲೇ ಇತ್ತು. ಸಂಪಾದಕರು ಹೊರಗಿನ ಅನುಭವಸ್ಥರಿಗೂ ತಲೆಗೊಂದು ಪದ ಹಂಚುತ್ತಿದ್ದರು. ಅಲ್ಪವಿರಾಮಯ್ಯನವರ ಪಾಲಿಗೆ ಬಂದದ್ದು ‘ರನ್’.

ಆ ಕಚೇರಿಯ ಪದ್ಧತಿ ಕಟ್ಟುನಿಟ್ಟು. ಎಣಿಸಿ ನೂರಹದಿನೆಂಟು ಕಾರ್ಡು ಕೊಟ್ಟರು. ಪ್ರತಿಯೊಂದರ ಮೇಲೂ ದುಂಡು ಮೊಹರು, ಕ್ರಮಸಂಖ್ಯೆ. ಅರ್ಥಗಳೆಲ್ಲ ಬೇರೆ ಪುಸ್ತಕದಲ್ಲಿ. ಕಾರ್ಡಿನ ಮೇಲೆ ಬರೀ ವಾಕ್ಯ.

“ವಾಕ್ಯ ತಾನೇ ಮಾತಾಡ್ಬೇಕು,” ಎಂದಿದ್ದರು ಸಂಪಾದಕರು. “ಪುಸ್ತಕದಿಂದ ಕದೀಬೇಡಿ. ನಿಮ್ಮ ಅಕ್ಕಪಕ್ಕದಲ್ಲಿ ಕಂಡಿದ್ದು, ಮನೆಯಲ್ಲಿ ಆಡಿದ್ದು ಬರೀರಿ. ಮೂರು ತಿಂಗಳು ಟೈಮು, ಅದು ಮುಗಿಯೋ ಸೋಮವಾರ ಹತ್ತು ಗಂಟೆಗೆ ನೂರಹದಿನೆಂಟೂ ಬರ್ಬೇಕು. ಮೊಹರಿನ ಕಾರ್ಡು ಒಂದು ಕಮ್ಮಿಯಾದ್ರೂ ಈ ಪದ ಬೇರೆಯವರಿಗೆ ಹೋಗುತ್ತೆ, ಬೇಜಾರು ಮಾಡ್ಕೋಬಾರ್ದು.”

ಬೇಜಾರೆಂದರೆ ಸಾಮಾನ್ಯ ಬೇಜಾರಲ್ಲ. ಮೂವತ್ತೈದು ವರ್ಷ ಅವರು ಕಂಡವರ ವಾಕ್ಯಗಳಿಗೆ ಎಣ್ಣೆ ಹಾಕಿ ತಲೆ ಬಾಚಿದ್ದರು. ಅಚ್ಚಿನಲ್ಲಿ ಇದು ನನ್ನದು ಎಂದು ಬೆರಳಿಟ್ಟು ತೋರಿಸಲು ಒಂದೇ ಒಂದು ವಾಕ್ಯ ಇರಲಿಲ್ಲ. ಈಗ ನೂರಹದಿನೆಂಟು ಸಿಕ್ಕಿದ್ದವು.

ಸುದ್ದಿಯನ್ನು ಅವರು ಕಟ್ಟಡದಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸ ಕೈಗೂಡದಿದ್ದರೆ ನಗೆಪಾಟಲು ಎಂಬ ಭಯ ಒಂದು ಕಡೆ, ಸ್ವಲ್ಪ ಜಂಬವೂ ಒಂದು ಕಡೆ. ಯಾರಾದರೂ “ಏನು ಸಾರ್, ಬಾಗಿಲು ಹಾಕ್ಕೊಂಡು ಏನೋ ಬರೀತಿರ್ತೀರಿ?” ಅಂದರೆ, “ಕಚೇರಿ ಕೆಲಸ, ಹೊರಗೆ ಹೇಳೋ ಹಾಗಿಲ್ಲ,” ಎಂದು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

“ರನ್ ಅಂದ್ರೆ ಓಡು. ಅಷ್ಟಕ್ಕೆ ಮೂರು ತಿಂಗಳಾ?” ಎಂದಿದ್ದರು ಆಕೆ ಮೊದಲ ದಿನವೇ.

“ಅಷ್ಟೇ ಅಲ್ವೇ. ಅಂಗಡಿ ನಡೆಸೋದೂ ರನ್ನೇ. ಬಟ್ಟೆ ಬಣ್ಣ ಬಿಡೋದೂ ರನ್ನೇ. ಜ್ವರ ಇರೋದು, ನಲ್ಲಿ ಹರಿಯೋದು, ಬಸ್ಸು ಓಡಾಡೋದು, ಮೂಗು ಸೋರೋದು,”

“ಮೂಗು ಸೋರೋದಕ್ಕೂ ಅಂಗಡಿ ನಡೆಸೋದಕ್ಕೂ ಒಂದೇ ಪದಾನಾ? ಪಾಪ, ಹೇಗೆ ಸುಧಾರಿಸ್ಕೊಳ್ತಾರೋ,” ಎಂದು ಇಂಗ್ಲಿಷ್ ಆಡುವವರ ಮೇಲೆ ಕನಿಕರಪಟ್ಟು ಆಕೆ ಒಲೆಯ ಕಡೆ ಹೋಗಿದ್ದರು.

ಈ ಮಹಾತಾಯಿಗೆ ಒಂದು ಅಭ್ಯಾಸವಿತ್ತು. ಫೋನು ಕಂಡರೆ ಆಗದು. “ಒಂದು ಮಾತು ಹೇಳೋಕೆ ಹೋದ್ರೆ ಅವರು ಇಪ್ಪತ್ತು ಮಾತು ಹೇಳ್ತಾರೆ” ಎಂಬ ಕಾರಣಕ್ಕೆ ಆಕೆಯ ವ್ಯವಹಾರವೆಲ್ಲ ಚೀಟಿಯಲ್ಲೇ. ಇಸ್ತ್ರಿಯವನಿಗೆ ಚೀಟಿ, ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಚೀಟಿ, ಬಸ್ಸಿನಲ್ಲಿ ಅರ್ಧ ಗಂಟೆ ದೂರವಿರುವ ಸ್ವಂತ ಅಣ್ಣನಿಗೂ ಆ ಕಡೆ ಹೋಗುವವರ ಕೈಲಿ ಚೀಟಿ. ಹಾಗಾಗಿ ಗಡುವಿಗೆ ಎರಡು ದಿನ ಮುಂಚಿನ ಶನಿವಾರ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋಗಿದ್ದಾಗ, ಮೇಜಿನ ಮೇಲೆ ಬೋರಲು ಹಾಕಿದ್ದ ಗಟ್ಟಿ ಬಿಳಿ ಕಾಗದದ ರಾಶಿ ಆಕೆಯ ಕಣ್ಣಿಗೆ ಬಿತ್ತು. ಮೇಲಿನ ಮೂರು ತೆಗೆದುಕೊಂಡು ಮೂರು ಚೀಟಿ ಬರೆದು ಕಳಿಸಿಯೂ ಆಯಿತು. ಕಾಗದಕ್ಕೆ ಇನ್ನೊಂದು ಮಗ್ಗುಲು ಇರುತ್ತದೆಂದು ಕೆಲಸದ ಅವಸರದಲ್ಲಿ ಯಾರು ತಿರುಗಿಸಿ ನೋಡುತ್ತಾರೆ!

ಮಧ್ಯಾಹ್ನ ಅಲ್ಪವಿರಾಮಯ್ಯ ಎಣಿಸಿದರು. ನೂರಹದಿನೈದು. ಮತ್ತೆ ಎಣಿಸಿದರು. ನೂರಹದಿನೈದು. ಮೂರನೆಯ ಸಲ ನೂರಹದಿನಾರು ಬಂದಾಗ ಕ್ಷಣಕಾಲ ಆಸೆ ಹುಟ್ಟಿತು, ನೋಡಿದರೆ ಅದರಲ್ಲೊಂದು ಅವರ ಬಸ್ ಪಾಸು. ಮೇಜಿನ ಕೆಳಗೆ, ಹಾಸಿಗೆಯಡಿ, ಸ್ನಾನದ ಮನೆಯಲ್ಲಿ ಕೂಡ ಹುಡುಕಿ, ತಲೆಯ ಮೇಲೆ ಧೂಳು ಹೊತ್ತುಕೊಂಡು ಹೊರಬರುವ ಹೊತ್ತಿಗೆ ಬಾಗಿಲಲ್ಲಿ ಇಸ್ತ್ರಿಯವನು ನಿಂತಿದ್ದ.

ಅವನ ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿದ್ದ ಆರು ಅಂಗಿಗಳು ಹೇಗೆ ಹೋಗಿದ್ದವೋ ಹಾಗೇ ಮುದುರಿಕೊಂಡು ವಾಪಸು ಬಂದಿದ್ದವು.

“ಅಮ್ಮಾ, ಧೈರ್ಯ ತಂದ್ಕೊಳ್ಳಿ,” ಎಂದ. “ಹಾಕ್ಕೊಳ್ಳೋರೇ ಇಲ್ಲ ಅಂದ್ಮೇಲೆ ಇಸ್ತ್ರಿ ಯಾಕೆ ಅಂತ ಹಾಗೇ ತಂದೆ. ಕಾಸು ಬೇಡ.”

“ಯಾರಿಲ್ಲ?” ಎಂದರು ಹೆಂಡತಿ.

ಇಸ್ತ್ರಿಯವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಧೂಳಿನ ಸಮೇತ ಅಲ್ಪವಿರಾಮಯ್ಯ ಕಂಡರು. ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅಯ್ಯೋ! ಸಾರ್ ಇನ್ನೂ ಹೋಗಿಲ್ವಾ?”

“ಎಲ್ಲಿಗಯ್ಯಾ?”

ಅವನು ಜೇಬಿನಿಂದ ಕಾರ್ಡು ತೆಗೆದ. ಒಂದು ಮಗ್ಗುಲಲ್ಲಿ ಹೆಂಡತಿಯ ಅಕ್ಷರ: ‘ಆರು ಅಂಗಿ. ಕಾಲರ್ ಸರಿಯಾಗಿ ಮಾಡು.’ ಇನ್ನೊಂದು ಮಗ್ಗುಲಲ್ಲಿ ದುಂಡು ಮೊಹರಿನ ಕೆಳಗೆ, ಮುತ್ತು ಪೋಣಿಸಿದಂಥ ಗಂಡನ ಅಕ್ಷರ: ‘ಯಾರಿಗೂ ಹೇಳದೆ ಅವನು ಪಕ್ಕದ ಮನೆಯವಳ ಜೊತೆ ಓಡಿಹೋದ.’

ಅಲ್ಪವಿರಾಮಯ್ಯನವರಿಗೆ ಹೋದ ಜೀವ ಬಂದಂತಾಯಿತು. “ಸಿಕ್ತು! ಕೊಡು ಇಲ್ಲಿ!” ಎಂದು ಕೈ ಚಾಚಿದರು. ಇಸ್ತ್ರಿಯವನು ಕಾರ್ಡನ್ನು ಬೆನ್ನ ಹಿಂದೆ ಅಡಗಿಸಿದ.

“ಕೊಡಲ್ಲ ಸಾರ್. ಮೊಹರು ಬಿದ್ದಿರೋ ಕಾಗದ. ನಾಳೆ ಅಮ್ಮನಿಗೆ ಸಾಕ್ಷಿ ಬೇಕಾಗುತ್ತೆ.”

“ಅದು ಉದಾಹರಣೆ ಕಣಪ್ಪಾ,” ಎಂದರು ಹೆಂಡತಿ ನಗು ತಡೆಯಲಾರದೆ. “ಇವರು ಎಲ್ಲೂ ಓಡಲ್ಲ. ಬಸ್ಸು ಹಿಡಿಯೋಕೂ ಓಡಲ್ಲ.”

ಇಸ್ತ್ರಿಯವನು ಆಕೆಯನ್ನು ದೀರ್ಘವಾಗಿ ನೋಡಿದ. “ಎಷ್ಟು ದೊಡ್ಡ ಮನಸ್ಸಮ್ಮಾ ನಿಮ್ದು,” ಎಂದು ಮೂಗೊರೆಸಿಕೊಂಡು ಹೊರಟುಹೋದ. ಮನಸ್ಸು ಎಷ್ಟು ದೊಡ್ಡದೆಂಬುದನ್ನು ಆ ಸಂಜೆಯೊಳಗೆ ಅವನು ಕಟ್ಟಡದ ನಲವತ್ತು ಮನೆಗಳಿಗೂ ಅಂಗಿಗಳ ಜೊತೆ ಮುಟ್ಟಿಸಿದ.

ಪಕ್ಕದ ಮನೆಯಲ್ಲಿದ್ದವರು ಎಪ್ಪತ್ತೊಂದು ವರ್ಷದ ನಿವೃತ್ತ ಹೆಡ್‌ಮಿಸ್ಸು. ಸಂಜೆ ಕೋಲೂರಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, ತರಗತಿಯಲ್ಲಿ ಗಲಾಟೆ ಮಾಡಿದವನನ್ನು ನೋಡುವಂತೆ ಅಲ್ಪವಿರಾಮಯ್ಯನವರನ್ನು ನೋಡಿದರು.

“ನಾನು ನಿಮ್ಮ ಜೊತೆ ಓಡಿಹೋಗಿದೀನಂತೆ. ನಿಜವಾ?”

“ಇಲ್ಲ ಮೇಡಂ, ಅದು ಏನಾಯ್ತು ಅಂದ್ರೆ,”

“ನನ್ನ ಮಂಡಿ ನೋಡಿದೀರಾ? ಓಡೋದಿರ್ಲಿ, ಮೆಟ್ಟಿಲು ಇಳಿಯೋಕೆ ಅರ್ಧ ಗಂಟೆ ಬೇಕು. ಎಲ್ಲಿಗೆ ಹೋದ್ವಿ ಅಂತ ಕೇಳಿದ್ರೆ ನಾನೇನು ಹೇಳ್ಲಿ?” ಎಂದು ಜೋರು ಮಾಡಿದರು. ಆದರೆ ಅವತ್ತು ಅವರು ತಲೆಗೆ ಹೊಸ ಕ್ಲಿಪ್ಪು ಹಾಕಿಕೊಂಡು ಬಂದಿದ್ದನ್ನು ಹೆಂಡತಿ ಗಮನಿಸದೆ ಇರಲಿಲ್ಲ.

ಉಳಿದ ಎರಡು ಕಾರ್ಡು ಎಲ್ಲಿಗೆ ಹೋಗಿದ್ದವೆಂದು ಹೆಂಡತಿ ನೆನಪಿಸಿಕೊಂಡಿದ್ದೇ ತಡ, ಅಲ್ಪವಿರಾಮಯ್ಯ ಸಂಘದ ಅಧ್ಯಕ್ಷರ ಮನೆಗೆ ಹೋದರು. ಅಧ್ಯಕ್ಷರು ಹನ್ನೊಂದು ವರ್ಷದಿಂದ ಅವಿರೋಧವಾಗಿ ಆಯ್ಕೆಯಾಗುತ್ತಿದ್ದವರು. ಎದುರು ನಿಲ್ಲುವವರು ಯಾರೂ ಇಲ್ಲದ್ದಕ್ಕೆ ಕಾರಣ ತಮ್ಮ ಜನಪ್ರಿಯತೆ ಎಂದು ನಂಬಿದ್ದರು. ಅವರ ಕಾರ್ಡಿನ ಮುಂದೆ ‘ನಮ್ಮ ಅಡುಗೆಮನೆ ನಲ್ಲಿ ಸೋರ್ತಿದೆ, ದಯವಿಟ್ಟು ನೋಡಿ’ ಎಂದಿತ್ತು. ಹಿಂದೆ: ‘ಈ ಸಲ ಅಧ್ಯಕ್ಷ ಸ್ಥಾನಕ್ಕೆ ಅವನೂ ನಿಲ್ಲುತ್ತಾನಂತೆ.’

“ಕೂತ್ಕೊಳ್ಳಿ,” ಎಂದರು ಅಧ್ಯಕ್ಷರು, ಕೂರಲು ಏನೂ ಇಲ್ಲದ ಕಡೆ ಕೈತೋರಿಸಿ. “ಎಷ್ಟು ದಿನದಿಂದ ನಡೀತಿದೆ ಇದು?”

“ನಲ್ಲಿನಾ? ಆರು ವಾರ.”

“ನಲ್ಲಿ ಬಿಡ್ರೀ! ಬಾಗಿಲು ಹಾಕ್ಕೊಂಡು ಬರೀತಿದ್ದದ್ದು ಇದೇನಾ? ಹೊರಗೆ ಹೇಳೋ ಹಾಗಿಲ್ಲ ಅಂದಿದ್ರಲ್ಲ, ಇದೇನಾ? ಮೊಹರು ಬೇರೆ ಮಾಡಿಸಿದೀರಿ! ನಲವತ್ಮೂರು ಅಂತ ನಂಬರ್ ಹಾಕಿದೆ. ಅಂದ್ರೆ ಇಂಥವು ಇನ್ನೂ ನಲವತ್ತೆರಡು ಓಡಾಡ್ತಿವೆ!”

“ಇಲ್ಲ, ನಾನು, ಒಂದು ಪದಕ್ಕೆ,”

“ಪದವಿಗೆ ಅಂತ ನೇರವಾಗೇ ಹೇಳಿ,” ಎಂದು ಬಾಗಿಲು ಹಾಕಿಕೊಂಡ ಅಧ್ಯಕ್ಷರು, ಅವತ್ತೇ ಲಿಫ್ಟಿಗೆ ಹೊಸ ಬಲ್ಬು ಹಾಕಿಸಿದರು. ಹನ್ನೊಂದು ವರ್ಷದಲ್ಲಿ ಕಟ್ಟಡಕ್ಕಾದ ಮೊದಲ ಉಪಕಾರ ಅದು.

ಮೂರನೆಯ ಕಾರ್ಡು ಭಾನುವಾರ ಬೆಳಿಗ್ಗೆ ತಾನಾಗಿಯೇ ನಡೆದುಕೊಂಡು ಬಂತು. ಅದನ್ನು ಹಿಡಿದು ಬಂದವರು ಹೆಂಡತಿಯ ಅಣ್ಣ. ಆತನಿಗೆ ತಂಗಿ ಬರೆದಿದ್ದದ್ದು ‘ಅಣ್ಣ, ಭಾನುವಾರ ಊಟಕ್ಕೆ ಬಾ’ ಎಂದು. ಕಾಗದ ತಿರುಗಿಸಿದರೆ, ಮೊಹರಿನ ಅಡಿಯಲ್ಲಿ: ‘ಹುಚ್ಚು ಆ ಮನೆತನದವರ ರಕ್ತದಲ್ಲೇ ಹರಿದುಬಂದಿದೆ.’

ಭಾವನವರು ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದರು: “ಮೂವತ್ತೊಂದು ವರ್ಷದ ಹಿಂದೆ ಹೆಣ್ಣು ಕೊಟ್ವಿ. ಅವತ್ತು ಹೇಳ್ಬೇಕಿತ್ತು ಭಾವ! ಮೂವತ್ತೊಂದು ವರ್ಷ ಸಂಸಾರ ಮಾಡಿ, ಊಟಕ್ಕೆ ಕರೆದು, ಕಾಗದದ ಹಿಂದೆ ಬರೀತೀರಾ? ನಮ್ಮಲ್ಲಿ ಯಾರಿಗಿದೆ ಹುಚ್ಚು? ಯಾರಿಗೆ?” ಎನ್ನುತ್ತ ತಲೆಯ ಮೇಲಿನ ಟೋಪಿ ಕಿತ್ತು ನೆಲಕ್ಕೆ ಹೊಡೆದು, ತಾವೇ ಎತ್ತಿಕೊಂಡು, ಊದಿ, ಮತ್ತೆ ತಲೆಗಿಟ್ಟುಕೊಂಡರು.

ಗದ್ದಲಕ್ಕೆ ಅಧ್ಯಕ್ಷರು ಬಂದರು. ಅಧ್ಯಕ್ಷರನ್ನು ನೋಡಿ ಇಸ್ತ್ರಿಯವನು ಬಂದ. ಹೆಡ್‌ಮಿಸ್ಸು ಅರ್ಧ ಗಂಟೆ ಮೊದಲೇ ಹೊರಟಿದ್ದರೇನೋ, ಅವರೂ ಸರಿಯಾದ ಹೊತ್ತಿಗೆ ತಲುಪಿದರು. ಎಲ್ಲರನ್ನೂ ಹೆಂಡತಿ ಒಳಗೆ ಕರೆದು ಕೂರಿಸಿ, ಗಂಡನಿಗೆ “ಅದೆಲ್ಲಾ ಆಚೆ ತೆಗೀರಿ. ಎಲ್ಲಾ ಓದಿಬಿಡ್ಲಿ,” ಎಂದರು.

ನೂರಹದಿನೈದು ಕಾರ್ಡು ಚಾಪೆಯ ಮೇಲೆ ಹರಡಿಕೊಂಡವು. ನಾಲ್ವರೂ ಬಗ್ಗಿ ಓದತೊಡಗಿದರು. ‘ಮಗುವಿನ ಮೂಗು ಸೋರುತ್ತಿದೆ.’ ‘ಈ ಬಸ್ಸು ಭಾನುವಾರ ಓಡುವುದಿಲ್ಲ.’ ‘ಕೆಂಪು ಟವೆಲಿನ ಬಣ್ಣ ಬಿಟ್ಟು ಬಿಳಿ ಅಂಗಿಗಳೆಲ್ಲ ಗುಲಾಬಿಯಾದವು.’

“ಇದು ನಿಜ,” ಎಂದ ಇಸ್ತ್ರಿಯವನು. “ಹೋದ ತಿಂಗಳು ಆರೂ ಅಂಗಿ ಗುಲಾಬಿ ಬಂದಿತ್ತು.”

“‘ಭಾಷಣ ಎರಡು ಗಂಟೆ ಎಳೆಯಿತು.’ ಇದು ನನ್ನ ವಾರ್ಷಿಕ ಸಭೆದಾ?” ಎಂದರು ಅಧ್ಯಕ್ಷರು.

ಅಲ್ಪವಿರಾಮಯ್ಯ ಎದ್ದು ನಿಂತರು. ಸೋಮವಾರಕ್ಕೆ ಒಂದೇ ದಿನ. ಮೂರು ಕಾರ್ಡು ಮೂವರ ಮುಷ್ಟಿಯಲ್ಲಿ. ಜೀವಮಾನದಲ್ಲಿ ಎಂದೂ ಎತ್ತದ ದನಿ ಎತ್ತಿದರು.

“ಸ್ವಾಮಿ, ಎಲ್ಲಾ ಒಂದೇ ಇಂಗ್ಲಿಷ್ ಪದಕ್ಕೆ ಕೊಟ್ಟ ಉದಾಹರಣೆಗಳು! ನಿಘಂಟು ಕಚೇರಿಯವರು ಕೊಟ್ಟ ಕೆಲಸ. ಟವೆಲೂ ಇಲ್ಲ, ಭಾಷಣವೂ ಇಲ್ಲ. ಭಾವನ ಮನೆತನವೂ ಅಲ್ಲ, ಮೇಡಮ್ಮೂ ಅಲ್ಲ. ಕುರ್ಚಿ ನನಗೆ ಬೇಡ. ಇದರಲ್ಲಿ ಒಂದಕ್ಷರವೂ ನಿಜ ಅಲ್ಲ! ಎಲ್ಲ ನಾನೇ ಕೂತು ಕಟ್ಟಿದ್ದು, ಅರ್ಥ ಪುಸ್ತಕ ಇಲ್ಲಿದೆ, ಪಕ್ಕದಲ್ಲಿಟ್ಟು ನೋಡ್ಕೊಳ್ಳಿ!”

ನೋಡಿಕೊಂಡರು. ಹೆಡ್‌ಮಿಸ್ಸು ಕನ್ನಡಕ ಏರಿಸಿ ಸಂಖ್ಯೆಗೆ ಸಂಖ್ಯೆ ತಾಳೆ ಹಾಕಿ, “ಸರಿ ಇದೆ,” ಎಂದು ತೀರ್ಪು ಕೊಟ್ಟರು, ಕೊಂಚ ನಿರಾಸೆಯಿಂದಲೇ. ಭಾವನವರ ಮುಖ ಸಡಿಲವಾಯಿತು. ಅಧ್ಯಕ್ಷರು ಹನ್ನೊಂದು ವರ್ಷದ ಹಳೆಯ ನಗೆ ನಕ್ಕರು. ಇಸ್ತ್ರಿಯವನು ನಾಲಿಗೆ ಕಚ್ಚಿಕೊಂಡ. ಮೂರು ಕೈಗಳು ಮೂರು ಕಾರ್ಡು ಹಿಡಿದು ಅಲ್ಪವಿರಾಮಯ್ಯನವರ ಕಡೆ ಚಾಚಿದವು.

ಅಷ್ಟರಲ್ಲಿ ಹೆಂಡತಿ ಚಾಪೆಯ ಮೂಲೆಯಿಂದ ಒಂದು ಕಾರ್ಡು ಎತ್ತಿಕೊಂಡರು. ಮೆಲ್ಲಗೆ ಓದಿದರು: “‘ಅವಳಿಲ್ಲದೆ ಈ ಮನೆ ಒಂದು ದಿನವೂ ನಡೆಯದು.’”

ಆಮೇಲೆ ಗಂಡನ ಮುಖ ನೋಡಿ ಕೇಳಿದರು. “ಇದೂ ಕಟ್ಟಿದ್ದೇನಾ?”

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು.

ಅಲ್ಪವಿರಾಮಯ್ಯ ದಡ್ಡರಲ್ಲ. ಮುಂದೆ ಚಾಚಿರುವ ಮೂರು ಕೈಗಳನ್ನು ನೋಡಿದರು. ಹೌದು, ಕಟ್ಟಿದ್ದೇ ಅಂದರೆ ಮೂರು ಕಾರ್ಡೂ ಈ ಕ್ಷಣ ಕೈಗೆ ಬರುತ್ತವೆ. ನೂರಹದಿನೆಂಟೂ ಅಚ್ಚಾಗುತ್ತವೆ. ಅಲ್ಲ, ಅದು ನಿಜ ಅಂದರೆ ಒಂದಕ್ಷರವೂ ನಿಜವಲ್ಲ ಎಂದು ಈಗ ತಾನೇ ಕೂಗಿದ್ದು ಸುಳ್ಳಾಗುತ್ತದೆ. ಒಂದು ನಿಜವಾದರೆ ಉಳಿದವನ್ನು ಯಾರು ನಂಬುತ್ತಾರೆ? ಮೂವತ್ತೈದು ವರ್ಷ ಕಾದ ಅಚ್ಚು ಒಂದು ಕಡೆ, ಕಾರ್ಡು ಹಿಡಿದು ನಿಂತ ಹೆಂಗಸು ಒಂದು ಕಡೆ. ಆಕೆ ಆ ಕಾರ್ಡಿನ ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡುತ್ತಿದ್ದರು. ಅದನ್ನು ಕಂಡ ಮೇಲೆ ಅವರಿಗೆ ಯೋಚಿಸುವುದು ಏನೂ ಉಳಿಯಲಿಲ್ಲ.

“ಅದೊಂದು ನಿಜ ಕಣೇ,” ಎಂದರು. ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಹೇಳಿದರು.

ಮೂರು ಕೈಗಳೂ ಸರಕ್ಕನೆ ಹಿಂದೆ ಹೋದವು.

“ನೋಡಿದ್ರಾ!” ಎಂದು ಭಾವನವರು ಮತ್ತೆ ಟೋಪಿಗೆ ಕೈಹಾಕಿದರು. “ಹಾಗಾದ್ರೆ ನಮ್ಮ ಮನೆತನದ್ದೂ ನಿಜವೇ!”

“ಚುನಾವಣೇನೂ!” ಎಂದರು ಅಧ್ಯಕ್ಷರು.

“ಮೇಡಂ, ನೀವು ಗಂಟುಮೂಟೆ ಎಲ್ಲಾ ಕಟ್ಟಿಟ್ಕೊಂಡ್ರಾ?” ಎಂದ ಇಸ್ತ್ರಿಯವನು ಗಾಬರಿಯಿಂದ.

“ಇನ್ನೂ ಇಲ್ಲ,” ಎಂದರು ಹೆಡ್‌ಮಿಸ್ಸು.

ಅಲ್ಪವಿರಾಮಯ್ಯ ಚಾಪೆಯ ಮೇಲೆ ಕುಸಿದು ಕೂತರು. ಪದ ಕೈತಪ್ಪಿತ್ತು. ಆಗ ಹೆಂಡತಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಕಾರ್ಡನ್ನು ಜೋಪಾನವಾಗಿ ರಾಶಿಯ ಮೇಲಿಟ್ಟು, ಎದ್ದು ನಿಂತರು.

“ಅಣ್ಣ, ಕಾರ್ಡು ಇಡು. ಹೋದ ವರ್ಷ ನೀನು ಟೋಪಿ ಹಾಕ್ಕೊಂಡೇ ಬಚ್ಚಲಲ್ಲಿ ಏನು ಮಾಡಿದ್ದೆ ಅಂತ ಅತ್ತಿಗೆ ನನಗೆ ಹೇಳಿದಾರೆ. ಇವರಿಗೆ ನಾನಿನ್ನೂ ಹೇಳಿಲ್ಲ. ಹೇಳ್ಲಾ?”

ಭಾವನವರು ಕಾರ್ಡು ಇಟ್ಟರು.

“ಅಧ್ಯಕ್ಷರೇ, ಆ ನಲ್ಲಿ ಶಬ್ದ ಕೇಳಿಸ್ತಿದ್ಯಾ? ನಾಳೆಯೊಳಗೆ ಅದು ನಿಲ್ಲದೇ ಇದ್ರೆ ನಿಮ್ಮ ಎದುರು ನಿಲ್ಲೋದು ಇವರಲ್ಲ. ನಾನು.”

ಅಧ್ಯಕ್ಷರು ಕಾರ್ಡು ಇಟ್ಟು, ಹಾಗೆಯೇ ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಯ ಕಡೆ ನಡೆದರು.

ಇಸ್ತ್ರಿಯವನಿಗೆ ಏನೂ ಹೇಳಬೇಕಾಗಲಿಲ್ಲ. ಆಕೆ ತನ್ನ ಕಡೆ ತಿರುಗುತ್ತಿದ್ದಂತೆಯೇ ಅವನು ಕಾರ್ಡು ಇಟ್ಟು, ಆರು ಅಂಗಿಗಳನ್ನೂ ಎತ್ತಿಕೊಂಡು, “ಕಾಲರ್ ಸರಿಯಾಗಿ ಮಾಡ್ತೀನಮ್ಮಾ,” ಎಂದ.

ಸೋಮವಾರ ಹತ್ತು ಗಂಟೆಗೆ ಅಲ್ಪವಿರಾಮಯ್ಯ ನಿಘಂಟು ಕಚೇರಿಯಲ್ಲಿ ಕೈಕಟ್ಟಿ ನಿಂತಿದ್ದರು. ಸಂಪಾದಕರು ಬೆರಳಿಗೆ ಎಂಜಲು ಹಚ್ಚಿ ಎಣಿಸಿದರು. ನೂರಹದಿನೆಂಟು. ಆಮೇಲೆ ಒಂದನ್ನು ತಿರುಗಿಸಿ, “ಇದೇನ್ರೀ, ಆರು ಅಂಗಿ?” ಎಂದರು.

ನಡೆದದ್ದೆಲ್ಲವನ್ನೂ ಅಲ್ಪವಿರಾಮಯ್ಯ ಒಪ್ಪಿಸಿದರು. ತಮ್ಮ ವಾಕ್ಯಗಳಿಂದಾದ ಅನಾಹುತಕ್ಕೆ ಕ್ಷಮೆಯನ್ನೂ ಕೇಳಿದರು. ಸಂಪಾದಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಇಪ್ಪತ್ತು ವರ್ಷದಿಂದ ಉದಾಹರಣೆ ಓದ್ತಿದೀನಿ,” ಎಂದರು. “ಇವತ್ತಿನವರೆಗೂ ಒಂದು ಉದಾಹರಣೆಯನ್ನ ಯಾರಾದ್ರೂ ನಂಬಿದ್ದು ನಾನು ಕೇಳಿಲ್ಲ ಕಣ್ರೀ. ಜಗಳ ಆಡೋದಂತೂ ದೂರ ಉಳೀತು.”

ಅಲ್ಪವಿರಾಮಯ್ಯನವರಿಗೆ ನಿಂತಲ್ಲೇ ಒಂದು ಗೇಣು ಎತ್ತರವಾದಂತೆ ಅನ್ನಿಸಿತು. ಸಂಪಾದಕರು ಕೆಂಪು ಪೆನ್ಸಿಲು ಹಿಡಿದು ಒಂದೊಂದೇ ಕಾರ್ಡು ಸರಿಸುತ್ತ ಹೋದರು. ಓಡಿಹೋದವನು ಪಾಸಾದ. ಹುಚ್ಚು ಮನೆತನ ಪಾಸಾಯಿತು. ಮೂಗು, ಬಸ್ಸು, ಟವೆಲು, ಎಲ್ಲವೂ ಪಾಸು. ಒಂದು ಕಾರ್ಡಿನ ಮೇಲೆ ಪೆನ್ಸಿಲು ನಿಂತಿತು.

“‘ಅವಳಿಲ್ಲದೆ ಈ ಮನೆ ಒಂದು ದಿನವೂ ನಡೆಯದು.’ ಛೆ, ಇದೊಂದು ತೀರಾ ಸವಕಲು. ಎಲ್ಲರೂ ಬರೆಯೋದೇ ಇದನ್ನ. ಹೊಡೆದುಹಾಕ್ತೀನಿ, ಇಲ್ಲೇ ಕೂತು ಬೇರೆ ಬರ್ಕೊಡಿ.”

“ಆಗಲ್ಲ ಸಾರ್,” ಎಂದರು ಅಲ್ಪವಿರಾಮಯ್ಯ.

ಸಂಪಾದಕರು ತಲೆಯೆತ್ತಿದರು. ಆ ಕಚೇರಿಯಲ್ಲಿ ಕೆಂಪು ಪೆನ್ಸಿಲಿಗೆ ಎದುರಾಡಿದವರು ಇರಲಿಲ್ಲ.

“ಬೇಕಾದ್ರೆ ಉಳಿದ ನೂರಹದಿನೇಳನ್ನೂ ಹೊಡೆದುಹಾಕಿ. ಇದೊಂದನ್ನ ನಾಲ್ಕು ಜನರ ಮುಂದೆ ನಿಜ ಅಂತ ಒಪ್ಕೊಂಡು ಬಂದಿದೀನಿ. ನೀವು ಇದಕ್ಕೆ ಗೆರೆ ಎಳೆದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ.”

ಸಂಪಾದಕರು ಪೆನ್ಸಿಲನ್ನು ಗಾಳಿಯಲ್ಲೇ ಹಿಡಿದು ಯೋಚಿಸಿದರು. “ನೀವು ನಿಜ ಅಂದಾಗ ಅವರು ಏನಂದ್ರು? ನಿಮ್ಮ ಮನೆಯವರು?”

“ಏನೂ ಅನ್ಲಿಲ್ಲ ಸಾರ್. ಎದ್ದು ನಿಂತು ಮೂರೂ ಕಾರ್ಡು ವಾಪಸು ತಂದುಕೊಟ್ರು.”

ಸಂಪಾದಕರು ಕೆಂಪು ಪೆನ್ಸಿಲು ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಟಿಪ್ಪಣಿ ಪುಸ್ತಕದಿಂದ ಒಂದು ಹಾಳೆ ಹರಿದು, ಕಾರ್ಡು ನೋಡಿಕೊಂಡು ಆ ವಾಕ್ಯವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

“ಸವಕಲೇ,” ಎಂದರು. “ಆದ್ರೂ ಇವತ್ತು ಸಂಜೆ ನಮ್ಮ ಮನೇಲಿ ನನಗೆ ಬೇಕಾಗುತ್ತೆ.”